ಒಬ್ಬರೇ ಬೆಟ್ಟ ಹತ್ತುವವರಿಗೆ ಯಾವ ದಾರಿ?

ಮಳೆ ಹಿಂದೆ ಸರಿದು, ಉಂಬಳಗಳು ಕಡಿಮೆಯಾಗಿ, ಬೆಟ್ಟದ ಹುಲ್ಲು ಹಸಿರಿನಿಂದ ಹೊಂಬಣ್ಣಕ್ಕೆ ತಿರುಗುವ ಹೊತ್ತು ಪಶ್ಚಿಮ ಘಟ್ಟದ ದಕ್ಷಿಣ ಭಾಗದಲ್ಲಿ ಚಾರಣದ ಕಾಲ. ಡಿಸೆಂಬರ್‌ನಿಂದ ಫೆಬ್ರುವರಿಯ ಆರಂಭದವರೆಗಿನ ಈ ಅವಧಿಯಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡು ಒಬ್ಬರೇ ಹೊರಡಬೇಕೆನ್ನುವವರು ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಈಗ ಅಪರೂಪವಲ್ಲ. ಅವರ ಮುಂದಿರುವ ಮೊದಲ ಪ್ರಶ್ನೆ ದಾರಿಯ ಆಯ್ಕೆಯದು. ಜನ ಓಡಾಡುವ, ಎಲ್ಲರಿಗೂ ಗೊತ್ತಿರುವ ಬೆಟ್ಟವನ್ನು ಆರಿಸಬೇಕೇ, ಜನರ ಸುಳಿವು ಕಡಿಮೆ ಇರುವ ಬೆಟ್ಟವನ್ನು ಆರಿಸಬೇಕೇ? ಎರಡೂ ಕಡೆ ಅನುಭವಸ್ಥರಿದ್ದಾರೆ, ಎರಡೂ ಕಡೆ ಕಾಡನ್ನು ಪ್ರೀತಿಸುವವರೇ ಇದ್ದಾರೆ. ಆದ್ದರಿಂದ ಒಂದು ಪಕ್ಷವನ್ನು ಹೇಡಿತನವೆಂದೂ ಇನ್ನೊಂದನ್ನು ಹುಂಬತನವೆಂದೂ ತಳ್ಳಿಹಾಕದೆ, ಇಬ್ಬರ ಕಾರಣಗಳನ್ನೂ ತೂಗಿ ನೋಡುವುದು ಅಗತ್ಯ.

ಇಬ್ಬರೂ ಒಪ್ಪುವ ಕೆಲವು ಸಂಗತಿಗಳನ್ನು ಮೊದಲು ಹೇಳಬೇಕು. ನಮ್ಮ ಬೆಟ್ಟಗಳ ಚಳಿಗಾಲದಲ್ಲಿ ಹಿಮ ಬೀಳದಿದ್ದರೂ ಅದು ನಿರಪಾಯದ ಋತುವೇನಲ್ಲ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು 6 ಡಿಗ್ರಿ ಇಳಿಯುತ್ತದೆ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಹಿತವೆನಿಸುವ ರಾತ್ರಿ, 1,712 ಮೀಟರ್ ಎತ್ತರದ ಕುಮಾರ ಪರ್ವತದ ನೆತ್ತಿಯಲ್ಲಿ ಗಾಳಿಯೂ ಇಬ್ಬನಿಯೂ ಸೇರಿ ನಡುಕ ಹುಟ್ಟಿಸಬಲ್ಲದು. ಹಗಲಿನಲ್ಲಿ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಮರದ ನೆರಳಿಲ್ಲದ ಹುಲ್ಲಿನ ಏಣುಗಳ ಮೇಲೆ ಬಿಸಿಲು ನೇರವಾಗಿ ಬೀಳುತ್ತದೆ. ಇಲ್ಲಿ ಚಾರಣಿಗರನ್ನು ಚಳಿಗಿಂತ ಹೆಚ್ಚಾಗಿ ಕಾಡುವುದು ಬಾಯಾರಿಕೆ, ಮೈಯ ನೀರು ಬತ್ತುವುದು. ಡಿಸೆಂಬರ್ ಕೊನೆಯಲ್ಲಿ ಹಗಲಿನ ಅವಧಿ ಹನ್ನೊಂದೂವರೆ ಗಂಟೆಯಷ್ಟೂ ಇರುವುದಿಲ್ಲ. ಶೋಲಾ ಕಾಡಿನೊಳಗೆ ಕತ್ತಲು ಇನ್ನೂ ಬೇಗ ಕವಿಯುತ್ತದೆ. ಡಿಸೆಂಬರ್‌ನಲ್ಲಿ ಹರಿಯುವ ಎಷ್ಟೋ ತೊರೆಗಳು ಫೆಬ್ರುವರಿಯ ಹೊತ್ತಿಗೆ ಬತ್ತಿರುತ್ತವೆ, ಒಣಗಿದ ಹುಲ್ಲಿಗೆ ಬೆಂಕಿ ತಗಲುವ ಕಾಲವೂ ಅದೇ. ಮಳೆ ಪೂರ್ತಿ ಮುಗಿಯಿತೆಂದೂ ಹೇಳಲಾಗದು. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಮುಟ್ಟಿದ ಫೆಂಗಲ್ ಚಂಡಮಾರುತ, ಡಿಸೆಂಬರ್‌ನ ಮೊದಲ ದಿನಗಳಲ್ಲಿ ಕೊಡಗು ಮತ್ತು ದಕ್ಷಿಣ ಕನ್ನಡದಲ್ಲೂ ಜೋರು ಮಳೆ ತಂದಿತು.

ಕಾನೂನಿನ ಚೌಕಟ್ಟೂ ಇಬ್ಬರಿಗೂ ಒಂದೇ. ಪುಷ್ಪಗಿರಿ ಮತ್ತು ಬ್ರಹ್ಮಗಿರಿ ವನ್ಯಜೀವಿಧಾಮಗಳು, ಕುದುರೆಮುಖ ರಾಷ್ಟ್ರೀಯ ಉದ್ಯಾನ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ 39 ತಾಣಗಳಲ್ಲೂ ಇವು ಇವೆ. ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ, ಮನಸ್ಸಿಗೆ ಬಂದಲ್ಲಿ ಡೇರೆ ಹಾಕುವಂತಿಲ್ಲ. ಹೀಗಾಗಿ ಇಲ್ಲಿನ ಚರ್ಚೆ ಅನುಮತಿ ಸಿಗುವ ದಾರಿಗಳ ನಡುವಿನ ಆಯ್ಕೆಗೆ ಮಾತ್ರ ಸೀಮಿತ. ಕದ್ದು ಹೋಗುವ ದಾರಿಯ ಪರವಾಗಿ ಹೇಳಬಹುದಾದ ನ್ಯಾಯವಾದ ಮಾತು ಯಾವುದೂ ಇಲ್ಲ.

ಜನ ಓಡಾಡುವ ದಾರಿಯ ಪರವಾದ ಬಲವಾದ ವಾದಕ್ಕೆ ಕುಮಾರ ಪರ್ವತವೇ ಉದಾಹರಣೆ. ಕುಕ್ಕೆಯ ಕಡೆಯಿಂದ ಒಂದು ಬದಿಗೆ ಸುಮಾರು 12–13 ಕಿಲೋಮೀಟರ್ ನಡಿಗೆ, 1,500 ಮೀಟರಿಗೂ ಮೀರಿದ ಏರು. ದಕ್ಷಿಣದ ಕಠಿಣ ಚಾರಣಗಳಲ್ಲಿ ಇದೂ ಒಂದು. ಆದರೂ ದಾರಿ ತಪ್ಪುವ ಸಂಭವ ಕಡಿಮೆ, ಏಕೆಂದರೆ ಸಾವಿರಾರು ಪಾದಗಳು ಅದನ್ನು ಸವೆಸಿವೆ. ಮಧ್ಯದಲ್ಲಿ ಭಟ್ಟರ ಮನೆ, ಅದರ ಮೇಲೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್, ಇನ್ನೂ ಮೇಲೆ ಕಲ್ಲು ಮಂಟಪ, ಆಮೇಲೆ ಶೇಷ ಪರ್ವತ ಹೀಗೆ ಹೆಜ್ಜೆ ಹೆಜ್ಜೆಗೂ ಗುರುತುಗಳಿವೆ. ಒಬ್ಬರೇ ನಡೆಯುವವರ ಕಾಲು ಉಳುಕಿದರೆ ಅರ್ಧ ಗಂಟೆಯೊಳಗೆ ಯಾರಾದರೂ ಬಂದೇ ಬರುತ್ತಾರೆ. ಗುಂಪಿನಲ್ಲಿ ಹೋದವರಿಗೆ ಉಳುಕು ಒಂದು ತೊಂದರೆಯಷ್ಟೆ. ಒಬ್ಬರೇ ಹೋದವರಿಗೆ, ಅದೂ ಸಂಜೆ ನಾಲ್ಕರ ನಂತರ, ಅದು ಜೀವಕ್ಕೇ ಕುತ್ತಾಗಬಹುದು. ಅಪಾಯ ಆಗುವ ಸಂಭವ ಎರಡೂ ದಾರಿಯಲ್ಲಿ ಒಂದೇ ಇರಬಹುದು. ಅಪಾಯ ಆದ ಮೇಲೆ ಏನಾಗುತ್ತದೆ ಎಂಬುದು ಮಾತ್ರ ಒಂದೇ ಅಲ್ಲ. ಈ ವಾದದ ತಿರುಳು ಇದು, ಮತ್ತು ಇದನ್ನು ಅಲ್ಲಗಳೆಯುವುದು ಸುಲಭವಲ್ಲ.

ಇದಕ್ಕೆ ಎದುರು ಪಕ್ಷದ ಉತ್ತರವೂ ಗಟ್ಟಿಯಾಗಿದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಇದೇ ಕುಮಾರ ಪರ್ವತದ ಮೇಲೆ ಜನ ಸಾಲುಗಟ್ಟಿ ನಿಂತ ಚಿತ್ರಗಳು ನಾಡಿನೆಲ್ಲೆಡೆ ಹರಿದಾಡಿದವು. ಅದರ ಬೆನ್ನಲ್ಲೇ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷದ ಕೊನೆಯ ಭಾಗದಲ್ಲಿ ಒಂದೇ ಜಾಲತಾಣದ ಮೂಲಕ ಟಿಕೆಟ್ ಕೊಡುವ, ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕುವ ವ್ಯವಸ್ಥೆ ಬಂತು. ಅಂಥ ದಟ್ಟಣೆಯಲ್ಲಿ ಒಬ್ಬರೇ ಹೋಗುವುದಕ್ಕೆ ಅರ್ಥವೇನು ಎಂದು ಈ ಪಕ್ಷದವರು ಕೇಳುತ್ತಾರೆ. ಮೌನ ಬಯಸಿ ಬಂದವರಿಗೆ ಅಲ್ಲಿ ಸಿಗುವುದು ಮೊಬೈಲಿನ ಹಾಡು, ಹುಲ್ಲಿನ ನಡುವೆ ಪ್ಲಾಸ್ಟಿಕ್ ಬಾಟಲಿ. ಜನ ಇದ್ದ ಮಾತ್ರಕ್ಕೆ ನೆರವು ಇದೆಯೆಂದೂ ಹೇಳಲಾಗದು. ಮೊದಲ ಬಾರಿಗೆ ಬೆಟ್ಟ ಹತ್ತುತ್ತಿರುವ ನೂರು ಜನರಲ್ಲಿ ಪ್ರಥಮ ಚಿಕಿತ್ಸೆ ಬಲ್ಲವರು ಎಷ್ಟು, ಹೆಚ್ಚಿನ ನೀರು ಹೊತ್ತವರು ಎಷ್ಟು? ಗುಂಪಿನ ಭರವಸೆ ಎಂಥ ದುರಂತದಲ್ಲಿ ಕೊನೆಗಾಣಬಹುದು ಎಂಬುದಕ್ಕೆ ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿಯನ್ನು ಅವರು ನೆನಪಿಸುತ್ತಾರೆ. ಅಲ್ಲಿ 2018ರ ಮಾರ್ಚ್ 11ರಂದು ಕಾಡ್ಗಿಚ್ಚಿಗೆ ಸಿಕ್ಕಿ ಜೀವ ಕಳೆದುಕೊಂಡ 20ಕ್ಕೂ ಹೆಚ್ಚು ಚಾರಣಿಗರು ಗುಂಪಿನಲ್ಲೇ ಹೋಗಿದ್ದವರು.

ಜನವಿರಳ ದಾರಿಯ ಪರವಾಗಿ ಹೇಳುವ ಮಾತು ಅಪಾಯದ ಲೆಕ್ಕಕ್ಕಷ್ಟೇ ನಿಲ್ಲುವುದಿಲ್ಲ. ಕೊಡಗಿನ ದಕ್ಷಿಣದಂಚಿನಲ್ಲಿ ಇರ್ಪು ಜಲಪಾತದಿಂದ ಮೇಲೇರಿ ನರಿಮಲೆಯ ದಾರಿಯಾಗಿ ಬ್ರಹ್ಮಗಿರಿಗೆ ಹೋಗುವಾಗ, ಅಥವಾ ಕಿಗ್ಗದ ಕಡೆಯಿಂದ ನರಸಿಂಹ ಪರ್ವತಕ್ಕೆ ಏರುವಾಗ, ಒಬ್ಬ ಮನುಷ್ಯನ ಇಂದ್ರಿಯಗಳು ಬೇರೆಯೇ ರೀತಿಯಲ್ಲಿ ಎಚ್ಚೆತ್ತುಕೊಳ್ಳುತ್ತವೆ. ಮಾತಿಲ್ಲದಿದ್ದಾಗ ಹಕ್ಕಿಯ ಎಚ್ಚರಿಕೆಯ ಕೂಗು ಕೇಳುತ್ತದೆ, ಹಸಿ ಲದ್ದಿ ಕಣ್ಣಿಗೆ ಬೀಳುತ್ತದೆ, ಗಾಳಿ ದಿಕ್ಕು ಬದಲಿಸಿದ್ದು ತಿಳಿಯುತ್ತದೆ. ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ಹಿಂದಿರುಗಬೇಕು ಎಂಬ ಪ್ರತಿ ನಿರ್ಧಾರವೂ ತನ್ನದೇ ಆದ್ದರಿಂದ ಹೊಣೆಯೂ ತನ್ನದೇ ಆಗುತ್ತದೆ. ಗುಂಪಿನಲ್ಲಿ ಮುಂದಿನವರ ಬೆನ್ನು ನೋಡಿ ನಡೆದವರಿಗೆ ಈ ಕಲಿಕೆ ಸಿಗುವುದು ಕಷ್ಟ. ಬೆಟ್ಟದ ಹಿತದೃಷ್ಟಿಯೂ ಈ ವಾದದಲ್ಲಿದೆ. ಎಲ್ಲರೂ ನಾಲ್ಕೇ ಬೆಟ್ಟಗಳಿಗೆ ಮುತ್ತಿದರೆ ಅಲ್ಲಿನ ಮಣ್ಣು ಕೊಚ್ಚಿಹೋಗುತ್ತದೆ, ದಾರಿ ಅಗಲವಾಗುತ್ತದೆ, ಹುಲ್ಲು ಮತ್ತೆ ಹುಟ್ಟಲು ಬಿಡುವು ಸಿಗುವುದಿಲ್ಲ. ಭಾರ ಹಂಚಿಹೋಗುವುದು ಒಳ್ಳೆಯದಲ್ಲವೇ ಎಂಬ ಪ್ರಶ್ನೆಯಲ್ಲಿ ಹುರುಳಿದೆ.

ಆದರೆ ಭಾರ ಹಂಚುವ ಈ ಮಾತಿಗೆ ವನ್ಯಜೀವಿಗಳ ಕಡೆಯಿಂದಲೇ ಆಕ್ಷೇಪ ಬರುತ್ತದೆ. ಜನ ಹೋಗದ ಕಾಡು ಎಂದರೆ ಬಹುಪಾಲು ಆನೆ, ಕಾಟಿಗಳಿಗೆ ಉಳಿದಿರುವ ಕಾಡು. ಮನುಷ್ಯರಿಗೆ ಜನವಿರಳವಾಗಿ ಕಾಣುವ ಜಾಗ ಪ್ರಾಣಿಗಳಿಗೆ ಖಾಲಿ ಜಾಗವಾಗಿರುವುದಿಲ್ಲ. ಸದ್ದಿಲ್ಲದೆ ನಡೆಯುವ ಒಬ್ಬ ವ್ಯಕ್ತಿ ತಿರುವಿನಲ್ಲಿ ಆನೆಗೆ ಎದುರಾಗುವ ಸಂಭವ, ಮಾತನಾಡುತ್ತ ಬರುವ ಗುಂಪಿಗಿಂತ ಹೆಚ್ಚು. ಹಾದಿಯೂ ಮೋಸ ಮಾಡುತ್ತದೆ. ಮಳೆಗಾಲದ ನಂತರ ಆಳೆತ್ತರ ಬೆಳೆದ ಹುಲ್ಲಿನಲ್ಲಿ ದನಗಳ ದಾರಿ, ಕಾಟಿಯ ದಾರಿ, ಮನುಷ್ಯರ ದಾರಿ ಒಂದೇ ರೀತಿ ಕಾಣುತ್ತವೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಾದಂಥ ಭೂಕುಸಿತಗಳು ಗುಡ್ಡದ ಮೈಯನ್ನೇ ಬದಲಿಸಬಲ್ಲವು. ಹಳೆಯ ಜಿಪಿಎಸ್ ಜಾಡನ್ನು ಕಣ್ಣು ಮುಚ್ಚಿ ನಂಬಿದವರು ಬಿದಿರ ಮೆಳೆಯಲ್ಲೋ ಕಡಿದಾದ ಬಂಡೆಯ ನೆತ್ತಿಯಲ್ಲೋ ಸಿಕ್ಕಿಕೊಳ್ಳಬಹುದು.

ನೆರವು ಎಷ್ಟು ದೂರ ಎಂಬುದು ಇಲ್ಲಿ ನಿರ್ಣಾಯಕ. ಪಶ್ಚಿಮ ಘಟ್ಟದಲ್ಲಿರುವ ಗುಳಿಮಂಡಲ ಹಾವುಗಳ ಕೆಲವು ಜಾತಿಗಳ ವಿಷಕ್ಕೆ, ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ನಿರ್ದಿಷ್ಟ ಮದ್ದಲ್ಲ. ಅದು ತಯಾರಾಗುವುದು ನಾಗರ, ಕಟ್ಟಿಗೆ ಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲಗಳ ವಿಷಕ್ಕಾಗಿ. ಯಾವ ಹಾವೇ ಕಚ್ಚಿದರೂ ಬದುಕಿನ ಆಸೆ ಇರುವುದು ಬೇಗ ಆಸ್ಪತ್ರೆ ಸೇರುವುದರಲ್ಲಿ. ಒಬ್ಬರೇ ಇರುವವರಿಗೆ ಬೇಗ ಎಂಬುದು ದುಬಾರಿ. ಹೊರದೇಶಗಳಲ್ಲಿ ಒಬ್ಬರೇ ನಡೆಯುವವರು ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನ ಇಟ್ಟುಕೊಳ್ಳುವುದು ವಾಡಿಕೆ. ಭಾರತದಲ್ಲಿ ಅಂಥ ಸಾಧನವನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದು ಕಾನೂನುಬಾಹಿರ. 112ಕ್ಕೆ ಕರೆ ಮಾಡಬಹುದು, ಸಿಗ್ನಲ್ ಇದ್ದರೆ. ಘಟ್ಟದ ಕಣಿವೆಗಳಲ್ಲಿ ಸಿಗ್ನಲ್ ಇಲ್ಲದ ಜಾಗಗಳೇ ಹೆಚ್ಚು. ಇನ್ನೂ ಒಂದು ನೈತಿಕ ಪ್ರಶ್ನೆ ಇದೆ. ಒಬ್ಬರು ಕಾಣೆಯಾದರೆ ರಾತ್ರಿ ಟಾರ್ಚ್ ಹಿಡಿದು ಹುಡುಕುವವರು ಊರಿನವರು, ಅರಣ್ಯ ಇಲಾಖೆಯ ಗಾರ್ಡ್‌ಗಳು, ವಾಚರ್‌ಗಳು. ನನ್ನ ಜೀವ, ನನ್ನ ಆಯ್ಕೆ ಎಂಬ ಮಾತು ಅವರ ಜೀವದ ಲೆಕ್ಕವನ್ನು ಬಿಟ್ಟುಬಿಡುತ್ತದೆ.

ಹಾಗಿದ್ದರೆ ಸ್ಥಳೀಯ ಗೈಡ್ ಒಬ್ಬರನ್ನು ಕರೆದುಕೊಂಡು ಹೋಗುವುದೇ ಪರಿಹಾರ ಎಂದು ಹೇಳುವವರಿದ್ದಾರೆ. ಅವರ ಕಾರಣ ಸರಳ: ನೀರು ಯಾವ ತಿಂಗಳಿನವರೆಗೆ ಎಲ್ಲಿ ಸಿಗುತ್ತದೆ, ಆನೆ ಈ ವಾರ ಯಾವ ಬದಿಗಿದೆ ಎಂಬುದು ನಕ್ಷೆಯಲ್ಲಿ ಇರುವುದಿಲ್ಲ, ಊರಿನವರ ತಲೆಯಲ್ಲಿರುತ್ತದೆ. ಕೂಲಿಯ ಹಣ ಬೆಟ್ಟದ ಬುಡದ ಮನೆಗೆ ಸೇರುತ್ತದೆ, ಕಾಡು ಉಳಿದರೆ ತಮಗೂ ಲಾಭ ಎಂಬ ಭಾವನೆ ಊರಿನಲ್ಲಿ ಬೇರೂರುತ್ತದೆ. ಆನೆಗಳ ಓಡಾಟ ಇರುವ ಕಾಡುಗಳಲ್ಲಿ ಇಲಾಖೆಯವರು ಜೊತೆಗಿರಲೇಬೇಕೆಂಬ ನಿಯಮದ ಹಿಂದಿನ ತರ್ಕವೂ ಇದೇ.

ಇನ್ನೊಂದು ಪಕ್ಷ ಇದನ್ನು ಪೂರ್ತಿ ಒಪ್ಪುವುದಿಲ್ಲ. ಗೈಡ್ ಜೊತೆಗಿದ್ದ ಮೇಲೆ ಅದು ಒಬ್ಬರ ಚಾರಣವಾಗಿ ಉಳಿಯುವುದಿಲ್ಲ. ನಿರ್ಧಾರಗಳು ಅವರ ಕೈಗೆ ಹೋಗುತ್ತವೆ, ನಡಿಗೆಯ ವೇಗವೂ ಅವರದೇ ಆಗುತ್ತದೆ. ಒಬ್ಬರಿಗಾಗಿ ಪೂರ್ತಿ ದಿನದ ಶುಲ್ಕ ತೆರುವುದು ವಿದ್ಯಾರ್ಥಿಗಳಿಗೆ, ಸಣ್ಣ ಸಂಬಳದವರಿಗೆ ಹೊರೆಯಾಗುತ್ತದೆ. ಮಹಿಳೆಯರು ಮತ್ತೊಂದು ಮಾತು ಸೇರಿಸುತ್ತಾರೆ, ಅದನ್ನು ಗಂಭೀರವಾಗಿ ಕೇಳಬೇಕು. ಕಾಡಿನಲ್ಲಿ ಇಡೀ ದಿನ ಅಪರಿಚಿತ ಗಂಡಸೊಬ್ಬರ ಜೊತೆ ಇರುವುದು ಅವರಿಗೆ ಸುರಕ್ಷತೆಯ ಉತ್ತರವಾಗದೆ, ಸುರಕ್ಷತೆಯ ಇನ್ನೊಂದು ಪ್ರಶ್ನೆಯಾಗಬಹುದು. ಅದೇ ರೀತಿ, ಜನರಿರುವ ದಾರಿ ಒಬ್ಬ ಮಹಿಳೆಗೆ ಧೈರ್ಯ ಕೊಟ್ಟರೆ ಇನ್ನೊಬ್ಬರಿಗೆ ಕಿರಿಕಿರಿ ತರಬಹುದು. ಇಲ್ಲಿ ಎಲ್ಲರಿಗೂ ಹೊಂದುವ ಒಂದು ಸೂತ್ರ ಇಲ್ಲ.

ರಾತ್ರಿ ತಂಗುವ ವಿಷಯದಲ್ಲೂ ಅಭಿಪ್ರಾಯಭೇದ ಪ್ರಾಮಾಣಿಕವಾದದ್ದು. ಸೂರ್ಯಾಸ್ತ, ನಕ್ಷತ್ರ, ಮುಂಜಾನೆ ಕಣಿವೆ ತುಂಬುವ ಮಂಜು ಇವನ್ನು ಕಾಣದೆ ಹಗಲಲ್ಲೇ ಓಡಿ ಹೋಗಿ ಓಡಿ ಬರುವ ಚಾರಣ ಅರ್ಧ ಚಾರಣ ಎಂದು ಒಂದು ಪಕ್ಷ ಹೇಳುತ್ತದೆ. ಒಂದೇ ದಿನದಲ್ಲಿ ಕುಮಾರ ಪರ್ವತ ಮುಗಿಸುವ ಆತುರವೇ ಕತ್ತಲಲ್ಲಿ ಕಡಿದಾದ ಇಳಿಜಾರು ಇಳಿಯುವ ಪರಿಸ್ಥಿತಿ ತರುತ್ತದೆ ಎಂಬುದೂ ಸುಳ್ಳಲ್ಲ. ಮತ್ತೊಂದು ಪಕ್ಷ ಭಾರದ ಲೆಕ್ಕ ಮುಂದಿಡುತ್ತದೆ. ಡೇರೆ, ಮಲಗುವ ಚೀಲ, ಒಲೆ, ಊಟ, ನಾಲ್ಕು ಲೀಟರ್ ನೀರು ಎಂದರೆ ಹನ್ನೆರಡು ಕಿಲೋಗೂ ಮೀರಿದ ಹೊರೆ. ಗುಂಪಿನಲ್ಲಿ ಅದು ಹಂಚಿಹೋಗುತ್ತದೆ. ಒಬ್ಬರೇ ಇದ್ದಾಗ ಪೂರ್ತಿ ಒಂದೇ ಬೆನ್ನಿನ ಮೇಲೆ. ಭಾರ ಹೆಚ್ಚಿದಷ್ಟೂ ಮಂಡಿಗೆ ಪೆಟ್ಟು, ಬಾಯಾರಿಕೆ ಹೆಚ್ಚು, ಎಡವುವ ಸಂಭವ ಹೆಚ್ಚು. ಹುಲ್ಲು ಒಣಗಿದ ಕಾಲದಲ್ಲಿ ಒಲೆಯ ಒಂದು ಕಿಡಿ ಇಡೀ ಗುಡ್ಡವನ್ನು ಸುಡಬಹುದು. ಕುದುರೆಮುಖದಂಥ ಕಡೆ ರಾತ್ರಿ ತಂಗುವುದನ್ನು ನಿಷೇಧಿಸಿರುವುದಕ್ಕೆ ಇದೂ ಒಂದು ಸಮರ್ಥನೆ.

ಈ ಎರಡು ತುದಿಗಳ ನಡುವೆ ಬದುಕಿರುವ ಒಂದು ಮಾದರಿ ಕೇರಳದಲ್ಲಿದೆ. 1,868 ಮೀಟರ್ ಎತ್ತರದ ಅಗಸ್ತ್ಯಕೂಡಕ್ಕೆ ಮುಖ್ಯ ಚಾರಣ ನಡೆಯುವುದು ಜನವರಿಯಿಂದ ಫೆಬ್ರುವರಿಯ ಚಳಿಗಾಲದಲ್ಲಿ. ದಿನಕ್ಕೆ ಇಷ್ಟೇ ಪಾಸು ಎಂಬ ಮಿತಿ ಇದೆ. ಬೋಣಕ್ಕಾಡ್‌ನಿಂದ ಹೊರಟು, ಅತಿರುಮಲದ ಅರಣ್ಯ ಶಿಬಿರದಲ್ಲಿ ರಾತ್ರಿ ತಂಗಿ, ಭಾರ ಅಲ್ಲೇ ಬಿಟ್ಟು ಶಿಖರಕ್ಕೆ ಹೋಗಿ ಬರುತ್ತಾರೆ. ಹೈಕೋರ್ಟಿನ ಆದೇಶದ ನಂತರ 2019ರ ಜನವರಿಯಲ್ಲಿ ಮಹಿಳೆಯರಿಗೂ ಅದು ತೆರೆದುಕೊಂಡಿತು. ಒಬ್ಬರೇ ಹೆಸರು ನೋಂದಾಯಿಸಿದವರೂ ಅಲ್ಲಿ ತಮ್ಮ ಮೌನದಲ್ಲೇ ನಡೆಯಬಹುದು, ಆದರೆ ಅವರು ಎಲ್ಲಿದ್ದಾರೆಂದು ಯಾರಿಗಾದರೂ ಗೊತ್ತಿರುತ್ತದೆ. ಸ್ವಾತಂತ್ರ್ಯ ತುಸು ಕುಗ್ಗುತ್ತದೆ, ನಿಜ. ಏಕಾಂತ ಮಾತ್ರ ಬಹುಮಟ್ಟಿಗೆ ಉಳಿಯುತ್ತದೆ.

ಇಷ್ಟನ್ನು ತೂಗಿದ ಮೇಲೆ, ಹಿಂಜರಿಕೆಯಿಂದಲೇ ಆದರೂ, ಒಂದು ಮಧ್ಯಮ ದಾರಿಯ ಕಡೆಗೆ ವಾಲುವುದು ಸರಿಯೆನಿಸುತ್ತದೆ. ಏಕಾಂತವನ್ನು ಬೇರೆ ಬೆಟ್ಟದಲ್ಲಿ ಹುಡುಕುವುದಕ್ಕಿಂತ ಬೇರೆ ದಿನದಲ್ಲಿ ಹುಡುಕುವುದು ಹೆಚ್ಚು ವಿವೇಕ. ಶನಿವಾರ ಜಾತ್ರೆಯಂತಿರುವ ದಾರಿ ಮಂಗಳವಾರವೋ ಬುಧವಾರವೋ ಬಹುಪಾಲು ಖಾಲಿ ಇರುತ್ತದೆ. ದಾರಿ ಅದೇ, ಗುರುತುಗಳು ಅವೇ, ಚೆಕ್‌ಪೋಸ್ಟ್ ಅದೇ, ಹೆಜ್ಜೆಗೊಬ್ಬರು ಮಾತ್ರ ಇರುವುದಿಲ್ಲ. ಒಬ್ಬರೇ ಹೊರಡುವ ಮೊದಲ ಚಳಿಗಾಲಕ್ಕೆ ಕುದುರೆಮುಖ ಯೋಗ್ಯ ಆಯ್ಕೆ. ಸಂಸೆ ಅಥವಾ ಮುಳ್ಳೋಡಿಯ ಹೋಂಸ್ಟೇಯಲ್ಲಿ ಎರಡು ರಾತ್ರಿ ತಂಗಿ, ನಡುವಿನ ದಿನ ಹಗುರ ಚೀಲದೊಂದಿಗೆ ಹೋಗಿ ಬರುವ ಸುಮಾರು 20 ಕಿಲೋಮೀಟರ್ ನಡಿಗೆ, ದಾರಿಯಲ್ಲಿ ಅಡ್ಡ ಸಿಗುವ ತೊರೆಗಳು, ಪ್ರವೇಶಕ್ಕೆ ಮಿತಿ, ಬುಡದಲ್ಲಿ ಕಾಯುವ ಮನೆ. ಗೈಡ್ ಕಡ್ಡಾಯವೆಂದು ಆಗಿನ ನಿಯಮ ಹೇಳಿದರೆ ಅದನ್ನು ಅವಮಾನವೆಂದು ಭಾವಿಸಬೇಕಿಲ್ಲ. ಕುಮಾರ ಪರ್ವತ ಅದರ ನಂತರದ ಚಳಿಗಾಲಕ್ಕೆ, ಮಂಡಿಯೂ ಮನಸ್ಸೂ ಪಳಗಿದ ಮೇಲೆ. ಬ್ರಹ್ಮಗಿರಿಯಂಥ ಆನೆ ಕಾಡುಗಳು ಸ್ಥಳೀಯರ ಜೊತೆಗೆ ಮಾತ್ರ. ಅಲ್ಲಿ ಒಂಟಿತನದ ಹಟ ಬೇಡ.

ಈ ನಿಲುವಿನಲ್ಲಿ ನಷ್ಟವೂ ಇದೆ. ಶಿಖರದ ರಾತ್ರಿ ಸಿಗುವುದಿಲ್ಲ, ವಾರದ ಮಧ್ಯೆ ರಜೆ ಹೊಂದಿಸುವುದು ಎಲ್ಲರಿಗೂ ಆಗುವುದಿಲ್ಲ, ಅಪರಿಚಿತ ದಾರಿಯ ಪುಳಕವೂ ತಪ್ಪುತ್ತದೆ. ಅನುಭವ ಗಟ್ಟಿಯಾದವರು ಇದನ್ನು ಮೀರಿ ಹೋಗಲು ಬಯಸಿದರೆ ಅವರ ಕಾರಣಗಳನ್ನು ಕೇಳಬಹುದು. ಆದರೆ ಯಾವ ಬೆಟ್ಟವನ್ನೇ ಆರಿಸಿದರೂ ಕೆಲವು ಷರತ್ತುಗಳಲ್ಲಿ ರಿಯಾಯಿತಿ ಬೇಡ. ಅನುಮತಿ ಚೀಟಿ ಕೈಯಲ್ಲಿರಲಿ, ಋತುವಿಗೊಮ್ಮೆ ಬದಲಾಗುವ ನಿಯಮಗಳನ್ನು ಹೊರಡುವ ವಾರವೇ ಮತ್ತೆ ನೋಡಿಕೊಳ್ಳಿ. ಬೆಳಕು ಹರಿದಾಗಲೇ ಹೊರಡಿ; ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲಿದ್ದೀರೋ ಅಲ್ಲಿಂದ ಹಿಂದಿರುಗಿ, ಶಿಖರ ಕಣ್ಣೆದುರೇ ಇದ್ದರೂ ಸರಿ. ಒಣಹುಲ್ಲಿನ ಬೆಟ್ಟದಲ್ಲಿ ಬೆಂಕಿ ಹಚ್ಚಬೇಡಿ. ಹೊರಡುವ ಮುನ್ನ ತಂಗಿದ ಮನೆಯವರಿಗೆ ದಾರಿಯನ್ನೂ ಮರಳುವ ಹೊತ್ತನ್ನೂ ಬರೆದು ಕೊಡಿ, ಅಷ್ಟರೊಳಗೆ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕೆಂದೂ ಹೇಳಿ ಹೋಗಿ.